ಪ್ರತಿಭಾ ಕಾರಂಜಿಗೆ ಪ್ರತಿಭಾ ಪಾಟೀಲ್: ಐದು ಸಾಲಿಗಿಂತ ಜಾಸ್ತಿ ಏನಿದೆ?

ಮಂಡಿ ಗುಮಾಸ್ತ, ಶಿವಮೊಗ್ಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಪ್ರತಿಭಾ ಕಾರಂಜಿಯಲ್ಲಿ ಕನ್ನಡ ಭಾಷಣಕ್ಕೆ ಹೆಸರು ಕೊಟ್ಟಿದ್ದಾಳೆ. ಸಿಕ್ಕಿರುವ ವಿಷಯ ‘ಭಾರತದ ಮೊದಲ ಮಹಿಳಾ ರಾಷ್ಟ್ರಪತಿ’. ಪ್ರತಿಭಾ ಕಾರಂಜಿಗೆ ಪ್ರತಿಭಾ ಪಾಟೀಲ್. ಟೀಚರ್ ತಮಾಷೆಗೆ ಕೊಟ್ಟರೋ ಏನೋ ಗೊತ್ತಿಲ್ಲ.

ಕಷ್ಟ ಏನಂದ್ರೆ, ಮನೆಯಲ್ಲಿರುವ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಇರುವುದು ಐದೇ ಸಾಲು. ಹುಟ್ಟಿದ್ದು 1934ರ ಡಿಸೆಂಬರ್ 19. ಊರು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆ. ರಾಜಸ್ಥಾನದ ರಾಜ್ಯಪಾಲರಾಗಿದ್ದರು. 2007ರಿಂದ 2012ರವರೆಗೆ ರಾಷ್ಟ್ರಪತಿ. ಹನ್ನೆರಡನೆಯವರು. ಮುಗೀತು. ಮಾತಾಡಬೇಕಾದ್ದು ಐದು ನಿಮಿಷ. ಈ ಐದು ಸಾಲನ್ನು ಎಷ್ಟು ಎಳೆದರೂ ಒಂದು ನಿಮಿಷ ದಾಟುತ್ತಿಲ್ಲ. ಉಳಿದದ್ದಕ್ಕೆ ಕೆಳದಿ ಚೆನ್ನಮ್ಮನನ್ನು ಸೇರಿಸೋಣ ಅಂತ ನಾನು. ಬೇಡ ಅಂತ ಅವಳು.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಇದೇ ಮಾತು ಬಂತು. ನಮ್ಮಮ್ಮ ಸುಮ್ನೆ ಇರಬೇಕಲ್ಲ, "ಆ ಯಮ್ಮ ಏನು ಮಾಡಿದ್ರು? ತಲೆ ಮೇಲೆ ಸೆರಗು ಹೊದ್ಕೊಂಡು ಕೊಟ್ಟ ಕಡೆ ಸಹಿ ಹಾಕಿದ್ರು, ಅಷ್ಟೇ" ಅಂದರು. ಮಗಳು ಅನ್ನ ಕಲಸುವುದು ಬಿಟ್ಟು ನನ್ನ ಮುಖ ನೋಡಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಮಂಡಿಯಲ್ಲಿ ಅಡಿಕೆ ತೂಕ ಬರೆಯುವವನು. ಸರಕು ಯಾವುದು, ಬೆಟ್ಟೆ ಯಾವುದು, ರಾಶಿ ಯಾವುದು, ಗೊರಬಲು ಯಾವುದು ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಇದು ನನ್ನ ಕೈಲಾಗುವ ಕೆಲಸ ಅಲ್ಲ.

ರಾಷ್ಟ್ರಪತಿ ಆಗುವ ಮೊದಲು ಅವರ ರಾಜಕೀಯ ಹೇಗಿತ್ತು? ಹೇಳುವಂಥದ್ದು ಏನಾದರೂ ಇತ್ತಾ, ಅಥವಾ ನಮ್ಮಮ್ಮ ಹೇಳಿದ್ದೇ ಸರಿನಾ?

ಗಾಜನೂರು ಗಾಳಿ

ಅಮ್ಮ ಹೇಳಿದ್ದೇ ಸರಿ ಸಾರ್. ಒಳ್ಳೆ ರಬ್ಬರ್ ಸ್ಟ್ಯಾಂಪು. ಐದು ವರ್ಷದಲ್ಲಿ ವಿದೇಶ ಪ್ರವಾಸಕ್ಕೆ 205 ಕೋಟಿ ಖರ್ಚಾಯಿತು ಅಂತ ಮಾಹಿತಿ ಹಕ್ಕಿನ ಅರ್ಜಿಯಿಂದ ಹೊರಗೆ ಬಂತು. ಅದನ್ನೇ ಹೇಳಲಿ, ಚಪ್ಪಾಳೆ ಬೀಳುತ್ತೆ. ಇಲ್ಲಾಂದ್ರೆ ಟೀಚರ್‌ಗೆ ಹೇಳಿ ವಿಷಯ ಬದಲಾಯಿಸಿ. ಕಲಾಂ ಬಗ್ಗೆ ಅಂದ್ರೆ ಹತ್ತು ನಿಮಿಷಕ್ಕೂ ಸಾಮಗ್ರಿ ಸಿಗುತ್ತೆ.

ಬಿದನೂರಕ್ಕ, ಹೊಸನಗರ ತಾಲ್ಲೂಕು

ಮಂಡಿಯವರೇ, ವಿಷಯ ಬದಲಾಯಿಸಬೇಡಿ. ಚೆನ್ನಮ್ಮನನ್ನೂ ಎಳೆದು ತರಬೇಡಿ. ನಾನು ಬಿದನೂರು ಕೋಟೆಯ ಪಕ್ಕದವಳೇ, ಅವಳ ಮೇಲೆ ನನಗೇನೂ ಕೋಪ ಇಲ್ಲ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಅಂತ ಮಹಾರಾಷ್ಟ್ರಕ್ಕೆ ಗಂಟು ಹಾಕಲೂಬಹುದು. ಆದರೆ ನಮ್ಮ ಕಡೆ ಹೆಂಗಸರ ಬಗ್ಗೆ ಯಾವ ಭಾಷಣ ಆದರೂ ಚೆನ್ನಮ್ಮ ಬಂದೇ ಬರುತ್ತಾಳೆ. ಅವಳಿಗೂ ಸ್ವಲ್ಪ ಬಿಡುವು ಬೇಡವಾ?

ಸ್ವಲ್ಪ ಉದ್ದ ಬರೆಯುತ್ತೇನೆ. ಮೂರು ದಿನದಿಂದ ಮಳೆ ಹಿಡಿದಿದೆ, ತೋಟಕ್ಕೆ ಇಳಿಯುವ ಹಾಗಿಲ್ಲ.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇವಳ್ಯಾಕೆ ಇಷ್ಟು ಮೈಮೇಲೆ ಹಾಕಿಕೊಳ್ಳುತ್ತಾಳೆ ಅನ್ನಿಸಬಹುದು. ಹೊಸ ಪಂಚಾಯತ್ ಕಾನೂನು ಬಂದು 1993ರ ಕೊನೆಗೆ ಮೊದಲ ಚುನಾವಣೆ ಆಯಿತಲ್ಲ, ಮೂರರಲ್ಲಿ ಒಂದು ಸೀಟು ಹೆಂಗಸರಿಗೆ ಅಂತ, ಆಗ ನಾನು ಗ್ರಾಮ ಪಂಚಾಯಿತಿ ಮೆಂಬರ್ ಆದೆ. ಆಮೇಲೆ ಅಧ್ಯಕ್ಷೆ. ನನಗಾಗ 26 ವರ್ಷ. ಪಿಯುಸಿ ಓದಿದ್ದೆ. ನಿಲ್ಲುತ್ತೇನೆ ಅಂತ ನಾನು ಕೇಳಿದ್ದಲ್ಲ, ನಾಮಪತ್ರ ತುಂಬಿಸಿ ತಂದವರು ನಮ್ಮ ಭಾವ. ಊರಲ್ಲಿ ಎರಡು ಗುಂಪು. ಆ ಗುಂಪಿನವಳು ಈ ಗುಂಪಿಗೆ ಆಗುವುದಿಲ್ಲ, ಈ ಗುಂಪಿನವಳು ಅವರಿಗೆ ಆಗುವುದಿಲ್ಲ. ನಾನು ಹೊಸ ಸೊಸೆ. ಯಾರ ಜೊತೆಗೂ ಜಗಳ ಆಡುವಷ್ಟು ದಿನ ಆಗಿರಲಿಲ್ಲ. ಹಾಗಾಗಿ ಎರಡೂ ಕಡೆಯವರಿಗೆ ನಾನು ಆದೆ.

2007ರ ಜೂನ್‌ನಲ್ಲಿ ಪೇಪರ್ ಓದುವಾಗ ನನಗೆ ಇದೇ ನೆನಪಾಗಿ ನಗು ಬಂತು. ರಾಷ್ಟ್ರಪತಿ ಅಭ್ಯರ್ಥಿ ಯಾರು ಅಂದಾಗ ಕಾಂಗ್ರೆಸ್‌ನವರು ಮೊದಲು ಶಿವರಾಜ್ ಪಾಟೀಲ್ ಅಂದರು, ಎಡಪಕ್ಷದವರು ಒಪ್ಪಲಿಲ್ಲ. ಕರಣ್ ಸಿಂಗ್ ಹೆಸರೂ ಓಡಾಡಿತು. ಎಲ್ಲ ಆಗಿ ಜೂನ್ 14ಕ್ಕೆ ಪ್ರತಿಭಾ ಪಾಟೀಲ್ ಅಂತ ಹೊರಬಿತ್ತು. ಎಲ್ಲರೂ ಕೇಳಿದ್ದು ಒಂದೇ: ಯಾರಪ್ಪ ಇವರು? ಯಾರ ಕೈಗೊಂಬೆ? ನಮ್ಮನೆಯವರೂ ಕೇಳಿದರು. 1993ರಲ್ಲಿ ನನ್ನ ಬಗ್ಗೆಯೂ ಊರಲ್ಲಿ ಇದನ್ನೇ ಕೇಳಿದ್ದರು. ಆದರೆ ನನ್ನ ವಿಷಯದಲ್ಲಿ ಅದು ಅರ್ಧ ನಿಜ. ಅವರ ವಿಷಯದಲ್ಲಿ ಆ ಪ್ರಶ್ನೆ ಕೇಳುವ ಹೊತ್ತಿಗೆ ಅವರು ರಾಜಕೀಯಕ್ಕೆ ಬಂದು 45 ವರ್ಷ ಆಗಿತ್ತು! ಅವರು ಯಾರು ಅಂತ ತಿಳಿಯದೇ ಇದ್ದದ್ದು ಕೇಳಿದವರ ತಪ್ಪು.

1962ರಿಂದ ಶುರು ಮಾಡಿ. ಮಗಳಿಗೆ ಹೇಳಿ, ಭಾಷಣವನ್ನು 2007ರಿಂದ ಶುರು ಮಾಡಲೇಬಾರದು. ಜಳಗಾಂವ್‌ನಲ್ಲಿ ವಕೀಲಿಕೆ ಮಾಡುತ್ತಿದ್ದ ಹುಡುಗಿ, ವಯಸ್ಸು 27, ರಾಜಕೀಯ ಶಾಸ್ತ್ರ ಮತ್ತು ಅರ್ಥಶಾಸ್ತ್ರದಲ್ಲಿ ಎಂಎ, ಮೇಲೆ ಮುಂಬೈಯಲ್ಲಿ ಮಾಡಿದ ಲಾ ಡಿಗ್ರಿ. ಕಾಲೇಜಿನಲ್ಲಿ ಟೇಬಲ್ ಟೆನಿಸ್ ಆಡಿ ಗೆದ್ದವರು. ಕಾಂಗ್ರೆಸ್ ಟಿಕೆಟ್ ಮೇಲೆ ಜಳಗಾಂವ್‌ನಿಂದ ಶಾಸಕಿ ಆದರು. ಅದೇ ವರ್ಷ ಜಿಲ್ಲೆಯಲ್ಲಿ ಮಹಿಳಾ ಹೋಮ್‌ಗಾರ್ಡ್ಸ್ ಕಟ್ಟಿ ಅದರ ಕಮಾಂಡೆಂಟೂ ಆದರು. ಚೀನಾ ಯುದ್ಧದ ವರ್ಷ ಅದು. ಜಳಗಾಂವ್ ಅಂದರೆ ಎಲ್ಲೋ ಅಂದುಕೊಳ್ಳಬೇಡಿ. ನಮ್ಮ ತೋಟದ ಡ್ರಿಪ್ ಪೈಪು, ಅಡಿಕೆ ನಡುವೆ ನೆಡುವ ಜಿ-9 ಬಾಳೆ ಸಸಿ, ಎಷ್ಟೋ ಅಲ್ಲಿಂದಲೇ ಬರುವುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೆಂಗಸು ರಾಜಕೀಯಕ್ಕೆ ಬಂದರೆ ‘ಗಂಡ ನಿಲ್ಲಿಸಿದ್ದು’ ಅನ್ನುತ್ತಾರೆ. ನಾನು ತಾಲ್ಲೂಕು ಕಚೇರಿಗೆ ಹೋದರೆ ಮೊದಲ ಪ್ರಶ್ನೆ "ಯಜಮಾನರು ಬರಲಿಲ್ವಾ?" ಅಂತ. ಕುರ್ಚಿ ಸಿಗುತ್ತಿದ್ದದ್ದು ಆ ಪ್ರಶ್ನೆ ಆದ ಮೇಲೆ. ಪ್ರತಿಭಾ ಪಾಟೀಲರ ಮದುವೆ ಆಗಿದ್ದು 1965ರ ಜುಲೈ 7ಕ್ಕೆ. ಅಂದರೆ ಶಾಸಕಿ ಆಗಿ ಮೂರು ವರ್ಷ ಆದ ಮೇಲೆ. ಗಂಡ ದೇವಿಸಿಂಗ್ ಶೇಖಾವತ್ ಕೆಮಿಸ್ಟ್ರಿ ಮೇಷ್ಟ್ರು. ಅವರು ಶಾಸಕ ಆಗಿದ್ದು 1985ರಲ್ಲಿ. ಲೆಕ್ಕ ಹಾಕಿ, ಹೆಂಡತಿ ಗೆದ್ದು 23 ವರ್ಷ ಕಳೆದ ಮೇಲೆ ಗಂಡ ಗೆದ್ದದ್ದು. ಅವರಿಗೆ ಯಾರಾದರೂ "ಮನೆಯವರು ಬರಲಿಲ್ವಾ?" ಅಂತ ಕೇಳಿದ್ದರೋ ಇಲ್ಲವೋ, ಕೇಳಬೇಕಿತ್ತು.

1967ಕ್ಕೆ ಕ್ಷೇತ್ರ ಬದಲಾಯಿತು. ಎದಲಾಬಾದ್ ಅಂತ, ಈಗ ಮುಕ್ತಾಯಿನಗರ ಅನ್ನುತ್ತಾರೆ, ಸಂತ ಜ್ಞಾನೇಶ್ವರರ ತಂಗಿ ಮುಕ್ತಾಬಾಯಿ ಹೆಸರಿನ ಊರು. ಅಲ್ಲಿಂದ ಸಾಲಾಗಿ ನಾಲ್ಕು ಸಲ ಗೆದ್ದರು. ಮೊದಲು ಉಪಮಂತ್ರಿ, 1972ಕ್ಕೆ ಸಂಪುಟ ಮಂತ್ರಿ. ಸಮಾಜ ಕಲ್ಯಾಣ, ಆರೋಗ್ಯ, ಪಾನನಿಷೇಧ, ಪುನರ್ವಸತಿ, ಶಿಕ್ಷಣ, ಮುಂದೆ ನಗರಾಭಿವೃದ್ಧಿ, ವಸತಿ, ಆಹಾರ ಸರಬರಾಜು. ಖಾತೆಗಳ ಪಟ್ಟಿ ಓದಿದರೆ ಒಂದು ವಿಷಯ ಕಾಣುತ್ತೆ. ಗೃಹ ಇಲ್ಲ, ಹಣಕಾಸು ಇಲ್ಲ, ಕಂದಾಯ ಇಲ್ಲ. ಮನೆಯಲ್ಲಿ ಹೆಂಗಸರು ಏನು ನೋಡಿಕೊಳ್ಳುತ್ತಾರೋ ಸರ್ಕಾರದಲ್ಲೂ ಅದನ್ನೇ ಕೊಟ್ಟರು. ಮುಖ್ಯಮಂತ್ರಿ ಕುರ್ಚಿಯಂತೂ ಬರಲೇ ಇಲ್ಲ. ಮಹಾರಾಷ್ಟ್ರಕ್ಕೆ ಇವತ್ತಿನವರೆಗೆ ಮಹಿಳಾ ಮುಖ್ಯಮಂತ್ರಿ ಇಲ್ಲ. ನಾವು ನಗುವ ಹಾಗಿಲ್ಲ, ಶಿವಮೊಗ್ಗ ಜಿಲ್ಲೆ ನಾಲ್ಕು ಮುಖ್ಯಮಂತ್ರಿಗಳನ್ನು ಕೊಟ್ಟಿದೆ ಅಂತ ಎದೆ ತಟ್ಟಿಕೊಳ್ಳುತ್ತೇವೆ. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ. ನಾಲ್ಕೂ ಗಂಡಸರು.

1977ರಲ್ಲಿ ಇಂದಿರಾ ಗಾಂಧಿ ಸೋತರು, ಮರುವರ್ಷ ಪಕ್ಷ ಒಡೆಯಿತು. ಮಹಾರಾಷ್ಟ್ರದ ದೊಡ್ಡ ದೊಡ್ಡವರು ಆಚೆ ಹೋದರು, ಇವರು ಇಂದಿರಾ ಜೊತೆ ಉಳಿದರು. ಆ ಕಾಲದ ಬಿಸಿ ನನಗೆ ಸ್ವಲ್ಪ ಗೊತ್ತು. ನನ್ನ ತವರು ಕೊಪ್ಪದ ಹತ್ತಿರ. 1978ರ ಚಿಕ್ಕಮಗಳೂರು ಉಪಚುನಾವಣೆಗೆ ಇಂದಿರಾ ನಿಂತಾಗ ನನಗೆ 11. ನಮ್ಮೂರಿನ ಮಣ್ಣು ರಸ್ತೆಯಲ್ಲಿ ಅಷ್ಟು ಜೀಪು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಇಂದಿರಾ ಇಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿದರು. ಮಹಾರಾಷ್ಟ್ರದಲ್ಲಿ ಆಗ ಶರದ್ ಪವಾರ್ ಸರ್ಕಾರ. 1979ರ ಜುಲೈನಿಂದ 1980ರ ಫೆಬ್ರವರಿವರೆಗೆ ಆ ಸರ್ಕಾರದ ಎದುರು ವಿರೋಧ ಪಕ್ಷದ ನಾಯಕಿಯಾಗಿ ಕೂತವರು ಪ್ರತಿಭಾ ಪಾಟೀಲ್. ಬಾಯಿ ಬಿಡದವರನ್ನು ಆ ಕುರ್ಚಿಯಲ್ಲಿ ಕೂರಿಸುತ್ತಾರಾ? ರಬ್ಬರ್ ಸ್ಟ್ಯಾಂಪ್ ಅಂದ ಗಾಳಿಯವರು ಇದಕ್ಕೆ ಉತ್ತರ ಹೇಳಲಿ.

1985ರಲ್ಲಿ ರಾಜ್ಯಸಭೆ, 1986ರ ನವೆಂಬರ್‌ನಿಂದ ಎರಡು ವರ್ಷ ಅಲ್ಲಿ ಉಪಸಭಾಪತಿ. ಇಲ್ಲಿ ಒಂದು ಚಂದದ ಕಾಕತಾಳೀಯ ಇದೆ, ಮಗಳು ಬೇಕಾದರೆ ಬಳಸಲಿ. 1987ರ ಜುಲೈ 25ಕ್ಕೆ ಉಪರಾಷ್ಟ್ರಪತಿ ವೆಂಕಟರಾಮನ್ ರಾಷ್ಟ್ರಪತಿ ಆದರು. ಉಪರಾಷ್ಟ್ರಪತಿ ಜಾಗ ಖಾಲಿ ಆಯಿತು. ಹಾಗಾಗಿ ಅವತ್ತಿನಿಂದ ಸೆಪ್ಟೆಂಬರ್ 2ರವರೆಗೆ ರಾಜ್ಯಸಭೆಯ ಸಭಾಪತಿ ಪೀಠ ಇವರ ಕೈಯಲ್ಲಿತ್ತು. ಸರಿಯಾಗಿ 20 ವರ್ಷ ಆದ ಮೇಲೆ, 2007ರ ಅದೇ ಜುಲೈ 25ಕ್ಕೆ, ಇವರೇ ರಾಷ್ಟ್ರಪತಿ ಆಗಿ ಪ್ರಮಾಣ ತಗೊಂಡರು.

ನಡುವೆ 1988ರಿಂದ 90ರವರೆಗೆ ಮಹಾರಾಷ್ಟ್ರ ಕಾಂಗ್ರೆಸ್ ಅಧ್ಯಕ್ಷೆ, 1991ರಲ್ಲಿ ಗಂಡನ ಊರು ಅಮರಾವತಿಯಿಂದ ಲೋಕಸಭೆ. 1996ರ ನಂತರ ಎಂಟು ವರ್ಷ ಮೌನ. ನಿಂತ ಯಾವ ಚುನಾವಣೆಯನ್ನೂ ಅವರು ಸೋತಿಲ್ಲ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ನಾನು 2000ದಲ್ಲಿ ನನ್ನದೇ ವಾರ್ಡಿನಲ್ಲಿ 11 ವೋಟಿಗೆ ಸೋತವಳು.

2004ರ ನವೆಂಬರ್‌ನಲ್ಲಿ ರಾಜಸ್ಥಾನಕ್ಕೆ ಮೊದಲ ಮಹಿಳಾ ರಾಜ್ಯಪಾಲರಾಗಿ ಹೋದರು. ಆಗ ಅಲ್ಲಿ ಮುಖ್ಯಮಂತ್ರಿ ವಸುಂಧರಾ ರಾಜೆ, ವಿಧಾನಸಭೆಯ ಸ್ಪೀಕರ್ ಸುಮಿತ್ರಾ ಸಿಂಗ್. ರಾಜ್ಯಪಾಲರೂ ಹೆಂಗಸು. ಸೆರಗು ಮುಖದವರೆಗೆ ಇಳಿಸುವ ರಾಜಸ್ಥಾನದಲ್ಲಿ ಮೂರು ದೊಡ್ಡ ಕುರ್ಚಿಯಲ್ಲೂ ಮೂವರು ಹೆಂಗಸರು! 2006ರಲ್ಲಿ ಆ ಸರ್ಕಾರ ಮತಾಂತರದ ವಿರುದ್ಧ ಮಸೂದೆ ಪಾಸು ಮಾಡಿ ಕಳಿಸಿತು. ಇವರು ಸಹಿ ಹಾಕದೆ ವಾಪಸ್ ಕಳಿಸಿದರು. ಆ ಮಸೂದೆ ಸರಿಯೋ ತಪ್ಪೋ, ಇಲ್ಲಿ ಜಗಳ ಬೇಡ. ಮಂಡಿಯವರೇ, ನಿಮ್ಮ ತಾಯಿಗೆ ಇಷ್ಟು ಹೇಳಿ: ಕೊಟ್ಟ ಕಡೆಯೆಲ್ಲಾ ಸಹಿ ಹಾಕಿದವರಲ್ಲ.

ಸಹಿ ಹಾಕದೇ ಇರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅಧ್ಯಕ್ಷೆ ಆದ ಮೊದಲ ವರ್ಷ ನಾನು ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿರುತ್ತಿದ್ದೆ. ಪಂಚಾಯಿತಿಯಿಂದ ಪುಸ್ತಕ ಬರುತ್ತಿತ್ತು. ಕೈಗೆ ಚೊಗರು ಅಂಟಿರುತ್ತಿತ್ತು, ಸೀರೆಗೆ ಒರೆಸಿಕೊಂಡು ಸಹಿ ಹಾಕುತ್ತಿದ್ದೆ. ಓದುತ್ತಿರಲಿಲ್ಲ. ಒಂದು ದಿನ ಓದಿದೆ. ನಮ್ಮ ಕೇರಿಯ ಹಳ್ಳಕ್ಕೆ ಸಿಮೆಂಟಿನ ಕಾಲುಸಂಕ ಕಟ್ಟಿ ಮುಗಿದಿದೆ ಅಂತ ಬಿಲ್ಲು. ನಾನು ಬೆಳಿಗ್ಗೆ ಅದೇ ಹಳ್ಳ ದಾಟಿ ಬಂದಿದ್ದೆ, ಎರಡು ಅಡಿಕೆ ಮರದ ದಬ್ಬೆ ಮೇಲೆ. "ನೋಡಿಕೊಂಡು ಹಾಕ್ತೀನಿ" ಅಂದೆ. ಅಷ್ಟೇ ಅಂದಿದ್ದು. ಮೂರು ಮೀಟಿಂಗಿಗೆ ಕೋರಂ ಆಗದ ಹಾಗೆ ಮಾಡಿದರು. ಭಾವ ಎರಡು ತಿಂಗಳು ಮಾತು ಬಿಟ್ಟರು. ಸಂಕ ಮುಂದಿನ ಬೇಸಿಗೆಯಲ್ಲಿ ನಿಜವಾಗಿಯೂ ಆಯಿತು. ಮೂರನೇ ಮಳೆಗಾಲಕ್ಕೆ ಅದರ ಒಂದು ಬದಿ ದರೆ ಕುಸಿಯಿತು, ಅದು ಬೇರೆ ಕಥೆ.

ಇನ್ನು 2007. ಎದುರಾಳಿ ಉಪರಾಷ್ಟ್ರಪತಿ ಭೈರೋನ್ ಸಿಂಗ್ ಶೇಖಾವತ್, ರಾಜಸ್ಥಾನದ ಸೀಕರ್ ಕಡೆಯವರು. ಇವರ ಗಂಡನ ಮನೆತನವೂ ಅಲ್ಲಿಯದೇ, ಅದೂ ಶೇಖಾವತ್. ಒಂದು ಕಡೆ ಊರಿನ ಮಗ, ಇನ್ನೊಂದು ಕಡೆ ಊರಿನ ಸೊಸೆ. ಶಿವಸೇನೆ ಬಿಜೆಪಿ ಜೊತೆಗಿದ್ದರೂ ಮರಾಠಿ ಹೆಣ್ಣುಮಗಳು ಅಂತ ಇವರಿಗೆ ವೋಟು ಹಾಕಿತು. 6,38,116 ಮತಮೌಲ್ಯ ಇವರಿಗೆ, 3,31,306 ಅವರಿಗೆ.

ಪ್ರಮಾಣವಚನದ ದಿನ ಟಿವಿ ನೋಡಬೇಕು ಅಂತ ಬೆಳಿಗ್ಗೆಯೇ ಕೆಲಸ ಮುಗಿಸಿ ಕೂತಿದ್ದೆ. ಗಾಳಿಗೆ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಕಡೆಗೆ ಭದ್ರಾವತಿ ಆಕಾಶವಾಣಿಯಲ್ಲಿ ವಾರ್ತೆ ಬಂದಾಗ ಕೇಳಿದ್ದು. ಅತ್ತೆ ಹಂಡೆ ಒಲೆ ಮುಂದೆ ಕೂತಿದ್ದರು. "ಹೆಂಗಸಾ?" ಅಂತ ಒಂದು ಸಲ ಕೇಳಿದರು. ಹೌದು ಅಂದೆ. ಮತ್ತೊಂದು ಕಟ್ಟಿಗೆ ಒಲೆಗೆ ತಳ್ಳಿದರು. ಏನು ಅನ್ನಿಸಿತೋ, ಹೇಳಲಿಲ್ಲ.

ಸಾಗರದ ಮೇಷ್ಟ್ರು

ಅಕ್ಕ ಎಲ್ಲ ಹೇಳಿದ್ದಾರೆ. ನಾನು ಎರಡು ಸಣ್ಣ ವಿಷಯ ಸೇರಿಸುತ್ತೇನೆ. ಭಾಷಣದ ನಂತರ ತೀರ್ಪುಗಾರರು ಪ್ರಶ್ನೆ ಕೇಳಿದರೆ ಉಪಯೋಗಕ್ಕೆ ಬರುತ್ತೆ.

ಒಂದು, ಆ ಪದ. 2007ರಲ್ಲಿ ಹೆಂಗಸನ್ನು ‘ರಾಷ್ಟ್ರಪತಿ’ ಅನ್ನಬಹುದಾ ಅಂತ ದೇಶವೆಲ್ಲ ಚರ್ಚೆ ಆಯಿತು. ಕೆಲವರು ‘ರಾಷ್ಟ್ರಪತ್ನಿ’ ಅಂತ ಹಲ್ಲು ಕಿರಿದರು. ನಮ್ಮ ಸ್ಟಾಫ್ ರೂಮಿನಲ್ಲೂ ಚಹಾ ಕುಡಿಯುವಾಗ ಇದೇ. ಪತಿ ಅಂದರೆ ಗಂಡ ಮಾತ್ರ ಅಲ್ಲ, ಒಡೆಯ, ಮುಖ್ಯಸ್ಥ ಅಂತಲೂ ಅರ್ಥ. ಸೇನಾಪತಿ, ಸಭಾಪತಿ ಇಲ್ಲವಾ? ಗಣಪತಿ ಅಂದರೆ ಗಣಗಳ ಗಂಡ ಅಂತ ಯಾರಾದರೂ ಹೇಳುತ್ತಾರಾ? ಪ್ರತಿಭಾ ಪಾಟೀಲ್ 1986ರಲ್ಲೇ ಉಪಸಭಾಪತಿ ಆಗಿದ್ದರು, ಆಗ ಯಾರಿಗೂ ವ್ಯಾಕರಣ ನೆನಪಾಗಲಿಲ್ಲ. ಕುರ್ಚಿ ದೊಡ್ಡದಾದ ಮೇಲೆ ನೆನಪಾಯಿತು. ಮಗು ಧೈರ್ಯವಾಗಿ ರಾಷ್ಟ್ರಪತಿ ಅಂತಲೇ ಹೇಳಲಿ.

ಎರಡು, ಅಕ್ಕ ಹೇಳಿದ ‘ಮತಮೌಲ್ಯ’. ಆರು ಲಕ್ಷ ಜನ ವೋಟು ಹಾಕಿದ್ದಾರೆ ಅಂತ ಮಕ್ಕಳು ತಪ್ಪು ತಿಳಿಯುತ್ತಾರೆ. ರಾಷ್ಟ್ರಪತಿಗೆ ವೋಟು ಹಾಕುವುದು ಸಂಸದರು ಮತ್ತು ಶಾಸಕರು. ಒಬ್ಬೊಬ್ಬ ಶಾಸಕರ ವೋಟಿಗೆ ಒಂದೊಂದು ತೂಕ. ರಾಜ್ಯದ 1971ರ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಬೇಕು. ಕರ್ನಾಟಕದ ಶಾಸಕರ ವೋಟಿಗೆ 131, ಮಹಾರಾಷ್ಟ್ರಕ್ಕೆ 175, ಉತ್ತರ ಪ್ರದೇಶಕ್ಕೆ 208, ಸಿಕ್ಕಿಂಗೆ ಬರೀ 7. 2007ರಲ್ಲಿ ಸಂಸದರ ಒಂದು ವೋಟಿಗೆ 708. ಈಗ ನಮ್ಮ ಜಿಲ್ಲೆಯಲ್ಲಿ 7 ಶಾಸಕರು. ಏಳನ್ನು 131ರಿಂದ ಗುಣಿಸಿದರೆ 917. ಬೋರ್ಡ್ ಮೇಲೆ ಇದನ್ನು ಬರೆದು ತೋರಿಸಿದರೆ ಒಂಬತ್ತನೇ ಕ್ಲಾಸಿನವರು ತಕ್ಷಣ ಹಿಡಿಯುತ್ತಾರೆ. ಮಂಡಿಯವರಿಗಂತೂ ತೂಕದ ಲೆಕ್ಕ ನಾನು ಹೇಳಿಕೊಡಬೇಕಾಗಿಲ್ಲ.

ಜುಲೈ 25ರ ವಿಷಯಕ್ಕೆ ಇನ್ನೊಂದು ಬಾಲ. ಆ ತಾರೀಕು ಶುರುವಾಗಿದ್ದು 1977ರಲ್ಲಿ. ಅದಕ್ಕೆ ಮೊದಲು ಫೆಬ್ರವರಿಯಿಂದ ಹಂಗಾಮಿ ರಾಷ್ಟ್ರಪತಿ ಆಗಿದ್ದವರು ನಮ್ಮ ಬಿ.ಡಿ. ಜತ್ತಿ. ಅವರು ಜಾಗ ಬಿಟ್ಟುಕೊಟ್ಟಿದ್ದು ಜುಲೈ 25ಕ್ಕೆ, ನೀಲಂ ಸಂಜೀವ ರೆಡ್ಡಿಗೆ. ಅಲ್ಲಿಂದ ಎಲ್ಲರದ್ದೂ ಅದೇ ದಿನ.

ಗಾಜನೂರು ಗಾಳಿ

ಅಕ್ಕ, ಶಾಸಕಿ ಆಗಿದ್ದು, ವಿರೋಧ ಪಕ್ಷದ ನಾಯಕಿ ಆಗಿದ್ದು ಒಪ್ಪಿದೆ. 1962 ಮತ್ತು 1965ರ ಲೆಕ್ಕ ನನಗೂ ಗೊತ್ತಿರಲಿಲ್ಲ. ಆದರೆ ರಾಷ್ಟ್ರಪತಿ ಆದ ಮೇಲಿನ ಐದು ವರ್ಷ ಒಂದೇ ಸಾಲಿನಲ್ಲೂ ಹೇಳಲಿಲ್ಲವಲ್ಲ? ನಿವೃತ್ತಿ ಮನೆಗೆ ಪುಣೆಯಲ್ಲಿ ಸೇನೆಯ ಜಾಗ ತಗೊಳ್ಳಲು ಹೋಗಿ, ಮಾಜಿ ಸೈನಿಕರು ಗಲಾಟೆ ಮಾಡಿದ ಮೇಲೆ 2012ರ ಏಪ್ರಿಲ್‌ನಲ್ಲಿ ಬಿಟ್ಟುಕೊಟ್ಟರು. 35 ಜನರ ಗಲ್ಲು ಶಿಕ್ಷೆ ಇಳಿಸಿದರು. ಅದರಲ್ಲಿ ಒಬ್ಬ ನಮ್ಮ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಐದು ವರ್ಷ ಮೊದಲೇ ಸತ್ತು ಹೋಗಿದ್ದ. ಸತ್ತವನಿಗೆ ಜೀವದಾನ! ಇದೂ ಭಾಷಣದಲ್ಲಿ ಬರಬೇಕು ಅಲ್ವಾ?

ಬಿದನೂರಕ್ಕ

ಬರಲಿ ಗಾಳಿಯವರೇ. ಬರಬಾರದು ಅಂತ ನಾನೆಲ್ಲಿ ಹೇಳಿದೆ? ಪುಣೆಯ ಜಾಗ ತಪ್ಪು. ಕೇಳಿದ್ದೂ ತಪ್ಪು, ಗಲಾಟೆ ಆಗುವವರೆಗೆ ಕಾದಿದ್ದೂ ತಪ್ಪು. ವಿದೇಶ ಪ್ರವಾಸದ ಖರ್ಚು ನನಗೂ ಜಾಸ್ತಿ ಅನ್ನಿಸಿತು. ಇನ್ನೂ ಒಂದು ನಾನೇ ಹೇಳುತ್ತೇನೆ. ಅಭ್ಯರ್ಥಿ ಆದ ಹೊಸದರಲ್ಲಿ, ಉದಯಪುರದಲ್ಲಿ ಭಾಷಣ ಮಾಡುತ್ತಾ, ಮುಖಕ್ಕೆ ಸೆರಗು ಹೊದೆಯುವ ಪದ್ಧತಿ ಬಂದದ್ದು ಮೊಘಲರ ಕಾಲದಲ್ಲಿ, ಈಗ ಅದನ್ನು ಬಿಡಬೇಕು ಅಂದರು. ಇತಿಹಾಸ ಓದಿದವರು ಹಿಡಿದು ಕೇಳಿದರು. ಸೆರಗು ಬಿಡಿ ಅಂದದ್ದು ಸರಿ. ಅದಕ್ಕೆ ಕೊಟ್ಟ ಕಾರಣ ಬೇಕಾಗಿರಲಿಲ್ಲ.

ಆದರೆ ಗಲ್ಲಿನ ವಿಷಯ ಸ್ವಲ್ಪ ನಿಧಾನವಾಗಿ ನೋಡಿ. ದಯಾ ಅರ್ಜಿಯನ್ನು ರಾಷ್ಟ್ರಪತಿ ಒಬ್ಬರೇ ಕೂತು ತೀರ್ಮಾನ ಮಾಡುವುದಿಲ್ಲ. ಗೃಹ ಇಲಾಖೆಯಿಂದ ಸಲಹೆ ಬರುತ್ತೆ, ಆ ಪ್ರಕಾರ ನಡೆಯಬೇಕು. ಸಂವಿಧಾನ ಇರುವುದೇ ಹಾಗೆ. ಹಿಂದಿನವರ ಕಾಲದಿಂದ ಬಾಕಿ ಉಳಿದಿದ್ದ ಫೈಲುಗಳು ಇವರ ಮೇಜಿಗೆ ಬಂದವು. ಕೆಲವನ್ನು ತಳ್ಳಿಯೂ ಹಾಕಿದರು, ರಾಜೀವ್ ಗಾಂಧಿ ಹತ್ಯೆಯ ಮೂವರ ಅರ್ಜಿ 2011ರಲ್ಲಿ ಬಿದ್ದುಹೋಯಿತು. ಹಿಂಡಲಗಾದವನು ಸತ್ತ ಸುದ್ದಿ ಡೆಲ್ಲಿಯ ಫೈಲಿಗೆ ಯಾಕೆ ಹತ್ತಲಿಲ್ಲ ಅನ್ನುವುದು ಒಳ್ಳೆ ಪ್ರಶ್ನೆ. ಆದರೆ ಅದನ್ನು ಕೇಳಬೇಕಾದ್ದು ಸಹಿ ಹಾಕಿದವರನ್ನು ಮಾತ್ರ ಅಲ್ಲ. ಸತ್ತವರ ಹೆಸರಿಗೆ ಪಿಂಚಣಿ ಮಂಜೂರಾಗಿ ಬಂದದ್ದನ್ನು ನಾನು ಪಂಚಾಯಿತಿಯಲ್ಲೇ ನೋಡಿದ್ದೇನೆ. ನನ್ನದೂ ಸಹಿ ಇತ್ತು.

ಐದು ವರ್ಷದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದೇ ಚಿತ್ರ. 2009ರ ನವೆಂಬರ್ 25. ಪುಣೆಯ ಲೋಹಗಾಂವ್ ವಾಯುನೆಲೆ. ಯಾವಾಗಲೂ ತುಂಬು ತೋಳಿನ ರವಿಕೆ, ತಲೆ ಮೇಲೆ ಸೆರಗು ಇರುತ್ತಿದ್ದವರು ಅವತ್ತು ಪೈಲಟ್‌ಗಳ ಹಸಿರು ಸೂಟು ಹಾಕಿಕೊಂಡು ಸುಖೋಯ್-30 ಯುದ್ಧವಿಮಾನ ಹತ್ತಿದರು. ವಯಸ್ಸು 74. ಮೂರು ವರ್ಷ ಮೊದಲು ಅದೇ ನೆಲೆಯಿಂದ ಕಲಾಂ ಹಾರಿದ್ದರು. ಅವರು ಹಾರಿದ್ದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಇವರು ಹಾರಿದ್ದಕ್ಕೆ ‘ಯಾಕೆ ಬೇಕಿತ್ತು’ ಅಂದವರೇ ಜಾಸ್ತಿ. ಆ ಫೋಟೋ ಬಂದ ಪೇಪರನ್ನು ನಮ್ಮತ್ತೆ ಎತ್ತಿಟ್ಟುಕೊಂಡಿದ್ದರು. ಹೋಳಿಗೆ ಡಬ್ಬಿಯ ತಳಕ್ಕೆ ಹಾಸಿದ್ದು ಆಮೇಲೆ ಗೊತ್ತಾಯಿತು, ಅದು ಅಭಿಮಾನಕ್ಕೋ ಎಣ್ಣೆ ಹೀರಲಿ ಅಂತಲೋ ಕೇಳಬೇಡಿ.

ಮಂಡಿ ಗುಮಾಸ್ತ, ಶಿವಮೊಗ್ಗ

ಅಕ್ಕ, ಮೇಷ್ಟ್ರೇ, ಗಾಳಿಯವರೇ, ಎಲ್ಲರಿಗೂ ಕೈ ಮುಗಿಯುತ್ತೇನೆ. ಫೋನನ್ನು ಮಗಳ ಕೈಗೆ ಕೊಟ್ಟೆ. ಎಲ್ಲವನ್ನೂ ಎರಡು ಸಲ ಓದಿ, ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ 1962, 1965, 1985 ಅಂತ ಒಂದರ ಕೆಳಗೆ ಒಂದು ಬರೆದುಕೊಂಡಿದ್ದಾಳೆ. 131 ಇಂಟು 7 ತಾನೇ ಮಾಡಿ ನೋಡಿದಳು. ಚೆನ್ನಮ್ಮ ಔಟ್. ಪುಣೆಯ ಜಾಗದ ವಿಷಯವನ್ನೂ ಒಂದು ಸಾಲು ಹೇಳುತ್ತಾಳಂತೆ, ಒಳ್ಳೇದೇ ಹೇಳಿದರೆ ತೀರ್ಪುಗಾರರು ನಂಬುವುದಿಲ್ಲ ಅಂತ ಅವಳ ಲೆಕ್ಕ.

ಅಮ್ಮನಿಗೆ ರಾಜಸ್ಥಾನದ ಮಸೂದೆ ವಾಪಸ್ ಕಳಿಸಿದ್ದು ಹೇಳಿದೆ. "ಹೌದಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಹೊಸನಗರದ ಹೆಂಗಸು ಬಿಲ್ಲಿಗೆ ಸಹಿ ಹಾಕ್ಲಿಲ್ವಲ್ಲ, ಅವಳ ಗಂಡ ಏನಂದ?" ಅಂತ ಕೇಳಿದರು. ಅದನ್ನು ನೀವು ಬರೆದಿಲ್ಲ ಅಕ್ಕ.

ಒಂದು ಸಮಸ್ಯೆ ಉಳಿದಿದೆ. ಈಗ ಗಡಿಯಾರ ಇಟ್ಟು ಓದಿಸಿದರೆ ಒಂಬತ್ತು ನಿಮಿಷ ಬರುತ್ತಿದೆ. ಏನು ಬಿಡಬೇಕು?

ಬಿದನೂರಕ್ಕ

ಖಾತೆಗಳ ಪಟ್ಟಿ ಬಿಡಿ. ಮತಮೌಲ್ಯದ ಲೆಕ್ಕ ಕೇಳಿದರೆ ಮಾತ್ರ ಹೇಳಲಿ. ಟೇಬಲ್ ಟೆನಿಸ್ ಬಿಡಬೇಡಿ.

ನಿಮ್ಮ ತಾಯಿಯವರಿಗೆ ಹೇಳಿ, ನಮ್ಮನೆಯವರು ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಒಬ್ಬರೇ ಹೋಗಿ ಆ ದಬ್ಬೆ ಸಂಕಕ್ಕೆ ಹೊಸ ಬಳ್ಳಿ ಕಟ್ಟಿ ಬಂದರು.